ಜೂನಿಯರ್ ಐಸ್ ಹಾಕಿ: ಅಂಕಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಕೆನಡಾದ ಜೂನಿಯರ್ ಐಸ್ ಹಾಕಿ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಬಂದರೂ ‘ಬಾಲಕರ ಟೂರ್ನಿ’ ಎಂಬ ತಲೆಬರಹ, ಕೆಳಗೆ ಗೆಲುವು–ಸೋಲು ಎರಡೇ ಕಾಲಂ. ಟೂರ್ನಿ ಎಂದಕೂಡಲೇ ನಮ್ಮವರಿಗೆ ಕೊಡಗಿನ ಕೌಟುಂಬಿಕ ಹಾಕಿ ನೆನಪಾಗುತ್ತದೆ. ಅಲ್ಲಿ ಸೋತವರು ಅಂದೇ ಮನೆಗೆ. ಕೆನಡಾದ ಜೂನಿಯರ್ ಲೀಗ್‌ಗಳಲ್ಲೊಂದಾದ ಒಂಟಾರಿಯೊ ಹಾಕಿ ಲೀಗ್‌ನ ಲೆಕ್ಕವೇ ಬೇರೆ. ತಂಡಗಳು 20. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ತಂಡಕ್ಕೂ 68 ಪಂದ್ಯ. ಆಮೇಲೆ 16 ತಂಡಗಳ ಪ್ಲೇಆಫ್, ಅದರಲ್ಲಿ ಪ್ರತಿ ಸುತ್ತೂ ಗರಿಷ್ಠ ಏಳು ಪಂದ್ಯಗಳ ಸರಣಿ. ಆಡುವವರು ಹೆಚ್ಚಾಗಿ 16ರಿಂದ 20 ವರ್ಷದವರು. 20ರವರಿಗೆ ತಂಡದಲ್ಲಿ ಮೂರೇ ಜಾಗ.

ಎರಡು ಕಾಲಂ ಏಕೆ ಸಾಲದು? ಗೆದ್ದರೆ 2 ಅಂಕ. 60 ನಿಮಿಷದಲ್ಲಿ ಸೋತರೆ ಸೊನ್ನೆ. ಸಮಬಲವಾದರೆ ಮೂವರಿಗೆ ಮೂವರಂತೆ 5 ನಿಮಿಷದ ಓವರ್‌ಟೈಮ್, ಆಗಲೂ ಇತ್ಯರ್ಥವಾಗದಿದ್ದರೆ ಶೂಟೌಟ್. ಈ ಎರಡರಲ್ಲಿ ಎಲ್ಲಿ ಸೋತರೂ 1 ಅಂಕ ಸಿಗುತ್ತದೆ. ಒಂದು ತಂಡ 33 ಗೆದ್ದು, 33 ಸೋತು, ಓವರ್‌ಟೈಮ್‌ನಲ್ಲೊಂದು, ಶೂಟೌಟ್‌ನಲ್ಲೊಂದು ಕಳೆದುಕೊಂಡರೆ ಒಟ್ಟು 68 ಅಂಕ. ಇನ್ನೊಂದು 30 ಮಾತ್ರ ಗೆದ್ದು, 28 ಸೋತು, ಉಳಿದ ಹತ್ತನ್ನು ಹೆಚ್ಚುವರಿ ಆಟದಲ್ಲಿ ಬಿಟ್ಟುಕೊಟ್ಟರೆ 70. ಕಡಿಮೆ ಗೆದ್ದವರು ಮೇಲೆ! ಓವರ್‌ಟೈಮ್ ಸೋಲು, ಶೂಟೌಟ್ ಸೋಲು ಎಂಬ ಎರಡು ಕಾಲಂ ಬಿಟ್ಟು ಅಚ್ಚು ಹಾಕಿದರೆ ಓದುಗ ಅದನ್ನು ಮುದ್ರಣದೋಷ ಅಂದುಕೊಳ್ಳುತ್ತಾನೆ. ಪ್ಲೇಆಫ್‌ನಲ್ಲಿ ಶೂಟೌಟ್ ಇಲ್ಲ. ಗೋಲು ಬೀಳುವವರೆಗೂ ಆಟ.

ಡಿಸೆಂಬರ್ ಕೊನೆಗೆ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ಗೆಂದು ಒಳ್ಳೆಯ ತಂಡಗಳ ಒಳ್ಳೆಯ ಹುಡುಗರೇ ಹೊರಟುಹೋಗುತ್ತಾರೆ. ಅವರು ಮರಳುವ ಹೊತ್ತಿಗೆ, ಅಂದರೆ ಜನವರಿ 10ರ ಆಸುಪಾಸು, ಆಟಗಾರರ ವಿನಿಮಯಕ್ಕೆ ಕೊನೆಯ ಗಡುವು. ಕೆಳಗಿನ ತಂಡಗಳು 19–20ರ ಅನುಭವಿಗಳನ್ನು ಬಿಟ್ಟುಕೊಟ್ಟು ಮುಂದಿನ ವರ್ಷಗಳಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಹಕ್ಕನ್ನು ಪಡೆಯುತ್ತವೆ. ಮೇಲಿನವು ಆ ಹಕ್ಕುಗಳನ್ನು ಕೈಬಿಟ್ಟು ಈ ಸಲವೇ ಗೆಲ್ಲಲು ನೋಡುತ್ತವೆ. ಹಾಗಾಗಿ ನವೆಂಬರ್‌ನ ಅಂಕಪಟ್ಟಿ ಹಿಡಿದು ಏಪ್ರಿಲ್‌ನ ಭವಿಷ್ಯ ಬರೆಯುವುದು ವ್ಯರ್ಥ. ಹೆಸರು, ಜೆರ್ಸಿ ಅದೇ, ತಂಡ ಬೇರೆ.

ದೂರದ ಮಾತೂ ಇದೆ. ಲೀಗ್‌ನ ತಂಡಗಳಿರುವ ಕಿಚನರ್–ಗ್ವೆಲ್ಫ್ ಊರುಗಳ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆ. ಸೂ ಸೇಂಟ್ ಮೇರಿಯವರಿಗೆ ಹತ್ತಿರದ ಎದುರಾಳಿ ಸಡ್‌ಬರಿಯೇ ಸುಮಾರು 300 ಕಿ.ಮೀ., ನಮ್ಮ ಬೆಂಗಳೂರು–ಶಿವಮೊಗ್ಗದಷ್ಟು, ಅದೂ ಹಿಮದಲ್ಲಿ. ಶುಕ್ರವಾರ ರಾತ್ರಿ, ಶನಿವಾರ ರಾತ್ರಿ, ಭಾನುವಾರ ಮಧ್ಯಾಹ್ನ ಮೂರು ಪಂದ್ಯ ಬಿದ್ದರೆ ಗ್ಲೌಸ್ ಒಣಗುವುದಕ್ಕೂ ಹೊತ್ತು ಸಾಲದು. ಇಬ್ಬರು ಗೋಲ್‌ಕೀಪರ್‌ಗಳಲ್ಲಿ ಎರಡನೆಯವನನ್ನು ಯಾವ ದಿನ ನಿಲ್ಲಿಸುವುದು ಎಂಬುದರಲ್ಲೇ ಕೋಚ್‌ನ ಅರ್ಧ ಲೆಕ್ಕಾಚಾರ.

ಇಂಥ ವಾರಾಂತ್ಯದಲ್ಲಿ ಮೊದಲು ಕೈಕೊಡುವುದು ಸ್ಕೇಟ್‌ನ ಬ್ಲೇಡ್. ಅದರ ತಳ ಚಪ್ಪಟೆಯಲ್ಲ. ಉರುಟು ಕಲ್ಲಿನಿಂದ ಉದ್ದಕ್ಕೂ ತೋಡು ತೆಗೆದಿರುತ್ತಾರೆ, ಅದರ ಎರಡು ಅಂಚೇ ಮಂಜುಗಡ್ಡೆಯನ್ನು ಹಿಡಿಯುವುದು. ತೋಡಿನ ತ್ರಿಜ್ಯ ಸಾಮಾನ್ಯವಾಗಿ ಅರ್ಧ ಇಂಚು. 3/8 ಇಂಚಿಗಿಳಿಸಿದರೆ ತೋಡು ಆಳವಾಗಿ ಹಿಡಿತ ಹೆಚ್ಚುತ್ತದೆ, ಆದರೆ ಮೂರನೇ ಪಂದ್ಯದ ಹೊತ್ತಿಗೆ ಕಾಲು ಸೋಲುತ್ತದೆ. 5/8 ಮಾಡಿದರೆ ಜಾರಿಕೆ ಸಲೀಸು. ಆದರೆ ಹಗುರ ಮೈಯ ಹುಡುಗ ತಿರುವಿನಲ್ಲಿ ಜಾರಿಬೀಳುತ್ತಾನೆ. ಅಂಚುಗಳು ಸಮ ಇವೆಯೇ ಎಂದು ನೋಡಲು ಸ್ಕೇಟನ್ನು ತಲೆಕೆಳಗಾಗಿ ಹಿಡಿದು ಬ್ಲೇಡ್ ಮೇಲೆ ಅಡ್ಡಕ್ಕೆ ಒಂದು ನಾಣ್ಯ ಇಟ್ಟರಾಯಿತು. ನಾಣ್ಯ ಓರೆಯಾದರೆ ಒಂದು ಅಂಚು ಎತ್ತರ, ಆಟಗಾರ ಒಂದೇ ಕಡೆಗೆ ಜಾರುತ್ತಾನೆ. ಆಡಿದ ಮೇಲೆ ಬಟ್ಟೆಯಿಂದ ಒರೆಸಿ ಬಟ್ಟೆಯ ಕವರ್‌ನಲ್ಲೇ ಇಡಬೇಕು. ಪ್ಲಾಸ್ಟಿಕ್ ಗಾರ್ಡ್ ಹಾಕಿಟ್ಟರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ.

ಇನ್ನೊಂದು ಗೊಂದಲ: ಲೀಗ್ ಚಾಂಪಿಯನ್ ಮತ್ತು ಮೆಮೋರಿಯಲ್ ಕಪ್ ವಿಜೇತರು ಒಂದೇ ಅಲ್ಲ. 1919ರಿಂದ ಇರುವ ಈ ಕಪ್‌ಗೆ ಈಗ ನಾಲ್ಕು ತಂಡಗಳು ಸೆಣಸುತ್ತವೆ: ಒಂಟಾರಿಯೊ, ಪಶ್ಚಿಮ, ಕ್ವಿಬೆಕ್ ಲೀಗ್‌ಗಳ ಚಾಂಪಿಯನ್ನರು, ಜೊತೆಗೆ ಆತಿಥೇಯರು. 2024ರಲ್ಲಿ ಆತಿಥೇಯ ಸ್ಯಾಗಿನಾ ತಂಡ ಲೀಗ್ ಪ್ಲೇಆಫ್‌ನಲ್ಲಿ ಲಂಡನ್ ನೈಟ್ಸ್‌ಗೆ ಸೋತಿತ್ತು. ಅದೇ ಲಂಡನ್ ಅನ್ನು ಕಪ್ ಫೈನಲ್‌ನಲ್ಲಿ 4–3ರಿಂದ ಸೋಲಿಸಿತು. ಲಂಡನ್ ಎಂದರೆ ಇಂಗ್ಲೆಂಡಿನದಲ್ಲ, ಒಂಟಾರಿಯೊದ್ದು. ಇದನ್ನೂ ಹೇಳಬೇಕಾಗುತ್ತದೆ.

2024ರಲ್ಲಿ ಮಿಸಿಸಾಗಾದ ತಂಡ ಪಕ್ಕದ ಬ್ರಾಂಪ್ಟನ್‌ಗೆ ಬಂದಿದೆ. ಈ ಎರಡೂ ಊರುಗಳಲ್ಲಿ ಕನ್ನಡದ ಮನೆಗಳಿವೆ. ಮಗನನ್ನು ಈ ದಾರಿಗೆ ಬಿಡುವವರಿಗೆ ಒಂದು ಮಾತು: ಲೀಗ್‌ನಲ್ಲಿ ಆಡಿದ ಪ್ರತಿ ಋತುವಿಗೆ ಒಂದು ವರ್ಷದ ಕಾಲೇಜು ಓದಿನ ನೆರವು ಎಂಬುದು ಇಲ್ಲಿನ ರೂಢಿ, ಅದರ ಷರತ್ತುಗಳು ಒಪ್ಪಂದದಲ್ಲಿರುತ್ತವೆ, ಸಹಿಗೆ ಮುಂಚೆಯೇ ಓದಿ. ಇಲ್ಲಿ ಆಡಿದರೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತದೆ ಎಂಬ ಹಳೆಯ ಎಚ್ಚರಿಕೆ 2025ರ ಆಗಸ್ಟ್‌ನಿಂದ ಅನ್ವಯಿಸುವುದಿಲ್ಲ.

ಮುಂದಿನ ಸಲ ಅಂಕಪಟ್ಟಿ ಹಾಕುವಾಗ ಓವರ್‌ಟೈಮ್, ಶೂಟೌಟ್ ಸೋಲಿನ ಆ ಎರಡು ಕಾಲಂ ಸೇರಿಸಿ. ಜಾಗ ಸಾಲದಿದ್ದರೆ ಗೋಲು ಹೊಡೆದವರ ಪಟ್ಟಿ ಬಿಡಿ.

— ಇಬ್ಬರು ಓದುಗರು, ಬ್ರಾಂಪ್ಟನ್, ಒಂಟಾರಿಯೊ