ಮಂತ್ರಿ ಆಗ್ಲಿಲ್ಲ ನಿಜ, ಆದ್ರೆ ಪುಟ್ಟಣ್ಣಯ್ಯನೋರನ್ನ ನಾವು ಮರೆಯಕ್ಕಾಗಲ್ಲ

ಸಂಪಾದಕರಿಗೆ ನಮಸ್ಕಾರ,

ನಾನು ಪಾಂಡವಪುರ ತಾಲೂಕಿನವನು, ಮುಂಬೈಗೆ ಬಂದು 20 ವರ್ಷದ ಮೇಲಾಯ್ತು, ಸಾಂತಾಕ್ರೂಜ್ ವಾಕೋಲಾದಲ್ಲಿ ರೂಮು, ಏರ್‌ಪೋರ್ಟಲ್ಲಿ ಟ್ರಾಲಿ ಕೆಲಸ. ನಮ್ಮ ಮಂಡ್ಯ ಕಡೆಯೋರು ಇಲ್ಲಿ ಬಾಳ ಜನ ಇದೀವಿ. ಮೊನ್ನೆ ಊರಿನೋರೆಲ್ಲ ಸೇರಿದ್ದಾಗ ರೈತನಾಯಕ ಕೆ.ಎಸ್. ಪುಟ್ಟಣ್ಣಯ್ಯನೋರು ತೀರ್ಕಂಡ ದಿನ ಫೆಬ್ರವರಿ 18ಕ್ಕೆ ಅವರ ಫೋಟೋ ಇಟ್ಟು ಒಂದು ಕಾರ್ಯಕ್ರಮ ಮಾಡೋಣ ಅಂತ ನಾನಂದೆ, ಅದಕ್ಕೆ ಒಬ್ಬರು ಹಿರಿಯರು "ಅವ್ರೇನು ಮಂತ್ರಿ ಆಗಿದ್ರಾ, ಎರಡು ಸಲ ಎಂಎಲ್ಎ ತಾನೆ" ಅಂದ್ಬುಟ್ರು. ಹಿರಿಯರು ಅಂತ ಎದುರು ಮಾತಾಡ್ಲಿಲ್ಲ, ಆದ್ರೆ ಆ ಮಾತು ಹೊಟ್ಟೇಲೇ ಕೂತ್ಬುಟ್ಟೈತೆ, ಅದಕ್ಕೇ ಬರೀತಿದೀನಿ.

ಎರಡು ಸಲ ಅನ್ನೋದು ಸುಳ್ಳಲ್ಲ. 1994ರಲ್ಲಿ ಪಾಂಡವಪುರದಿಂದ ರೈತಸಂಘದ ಹೆಸರಲ್ಲಿ ಗೆದ್ರು, ಆಮೇಲೆ ಗೆದ್ದಿದ್ದು 2013ರಲ್ಲಿ ಮೇಲುಕೋಟೆಯಿಂದ, ಸರ್ವೋದಯ ಕರ್ನಾಟಕ ಪಕ್ಷದಿಂದ, ಆ ಪಕ್ಷಕ್ಕೆ ವಿಧಾನಸೌಧದಲ್ಲಿ ಇದ್ದಿದ್ದು ಅವರೊಬ್ಬರೇ. ನಡುವೆ 1999ರಿಂದ 14 ವರ್ಷ ಶಾಸಕರಲ್ಲ, 2008ರಲ್ಲಿ ನಿಂತು ಸೋತಿದ್ದೂ ಉಂಟು. ನಾನು ಕೇಳೋದು ಆ 14 ವರ್ಷ ಅವರು ಎಲ್ಲಿದ್ರು ಅಂತ. ಕಾವೇರಿ ನೀರಿನ ಹೋರಾಟದಲ್ಲಿದ್ರು, ಫ್ಯಾಕ್ಟರಿಯೋರು ಕೊಡದೆ ಉಳಿಸ್ಕಂಡ ಕಬ್ಬಿನ ಬಾಕಿ ಕೇಳೋರ ಜೊತೇಲಿದ್ರು, ಹೆಗಲ ಮೇಲೆ ಅದೇ ಹಸಿರು ಶಾಲು. ಸೋತೋರು ಬೆಂಗಳೂರಲ್ಲಿ ಮನೆ ಮಾಡ್ಕಂಡು ಮುಂದಿನ ಎಲೆಕ್ಷನ್‌ಗೆ ಊರಿಗೆ ಬರೋದನ್ನ ನಾವೆಲ್ಲ ನೋಡಿಲ್ವಾ, ಇವರು ಹಂಗಲ್ಲ, ಕ್ಯಾತನಹಳ್ಳಿಯ ಬೇಸಾಯಗಾರರು, ಕೊನೇವರೆಗೂ ಕ್ಯಾತನಹಳ್ಳಿಯೋರೇ.

ಕಬ್ಬಿನ ಬಾಕಿ ಅಂದ್ರೆ ಏನು ಅಂತ ಮುಂಬೈಲಿ ಹುಟ್ಟಿದ ನಮ್ಮ ಮಕ್ಕಳಿಗೆ ಗೊತ್ತಿಲ್ಲ, ಅದನ್ನ ಹೇಳ್ದೆ ಪುಟ್ಟಣ್ಣಯ್ಯನೋರ ಬಗ್ಗೆ ಹೇಳಕ್ಕಾಗಲ್ಲ. ನಾನು ಹೈಸ್ಕೂಲಲ್ಲಿ ಇದ್ದಾಗ ನಮ್ಮಪ್ಪ ಕಬ್ಬು ಕಡಿಸಿ ಗಾಡಿ ಕಟ್ಕಂಡು ಫ್ಯಾಕ್ಟರಿಗೆ ಹೋದ್ರೆ ಎರಡು ರಾತ್ರಿ ಸಾಲಲ್ಲೇ ನಿಲ್ಲಬೇಕಾಯ್ತು, ನಾನು ಬುತ್ತಿ ತಗಂಡು ಹೋಗಿದ್ದೆ, ಎತ್ತು ನೊಗ ಇಳಿಸ್ಕಂಡು ಅಲ್ಲೇ ಮಲಗಿದ್ವು, ಮೇಲೆ ಹೇರಿದ್ದ ಕಬ್ಬಿನ ಸೋಗೆ ಬಿಸಿಲಿಗೆ ಒಣಗಿ ಸರಸರ ಅಂತಿತ್ತು. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳೀತದೆ, ತೂಕ ಇಳಿದಷ್ಟೂ ರೈತನ ಕಾಸು ಇಳೀತದೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡ ಆದ್ರೆ ಶೇಕಡಾ 15 ಬಡ್ಡಿ ಸೇರಿಸಿ ಕೊಡಬೇಕು ಅಂತ ಆವಾಗ್ಲೇ ಕಾನೂನಿತ್ತು. ನಮ್ಮಪ್ಪ ತೂಕದ ಚೀಟಿಯನ್ನ ಟ್ರಂಕಲ್ಲಿ ಅಮ್ಮನ ಮದುವೆ ಸೀರೆ ಮಡಿಕೆ ಒಳಗೆ ಇಟ್ಟು ವರ್ಷದವರೆಗೂ ಕಾದ್ರು, ಬಡ್ಡಿ ಅನ್ನೋ ಮಾತು ಯಾರೂ ಎತ್ತಲಿಲ್ಲ. ನಾನು ಮುಂಬೈ ರೈಲು ಹತ್ತಿದ್ದು ಅದೇ ಕಾರಣಕ್ಕೆ. ಬಾಕಿ ಕೇಳಕ್ಕೆ ಒಬ್ಬೊಬ್ಬರೇ ಹೋದ್ರೆ ಗೇಟಿನ ವಾಚ್‌ಮನ್ನೂ ಮಾತಾಡಿಸ್ತಿರಲಿಲ್ಲ, ಹಸಿರು ಶಾಲು ಹೊದ್ದು ಎಲ್ಲರೂ ಒಟ್ಟಿಗೆ ಹೋದಾಗ ಮಾತ್ರ ಆಫೀಸರುಗಳು ಕುರ್ಚಿ ಬಿಟ್ಟು ಈಚೆ ಬರೋರು. ಆ ಧೈರ್ಯ ಕೊಟ್ಟಿದ್ದು ರೈತಸಂಘ, ನಮ್ಮ ಕಡೆ ರೈತಸಂಘ ಅಂದ್ರೆ ಪುಟ್ಟಣ್ಣಯ್ಯನೋರು. ಇದು ಮಂತ್ರಿಗಿರಿಗಿಂತ ಕಮ್ಮೀದಾ?

ಇನ್ನು ಎಲೆಕ್ಷನ್. ನಮ್ಮೂರಲ್ಲಿ ಓಟಿಗೆ ದುಡ್ಡು ಇಸ್ಕಳೋದು ನೋಡಿದೀನಿ, ಆದ್ರೆ ಇವರಿಗೆ ಜನಾನೇ ಕೈಯಿಂದ ದುಡ್ಡು ಹಾಕಿ ಓಟೂ ಹಾಕೋರು. ನಾವೂ ರೂಮಿನೋರು 2013ರಲ್ಲಿ ನೂರು ಇನ್ನೂರು ಅಂತ ಕೂಡಿಸಿ ಕಳಿಸಿದ್ವಿ, ಇಬ್ಬರು ರಜಾ ಹಾಕಿ ಓಟು ಹಾಕಕ್ಕೆ ಊರಿಗೂ ಹೋಗಿದ್ರು. ಗೆದ್ದ ಮೇಲೂ ಕಷ್ಟ ತಪ್ಪಲಿಲ್ಲ, 2015ರಲ್ಲಿ ಮಂಡ್ಯ ಜಿಲ್ಲೇಲಿ ಕಬ್ಬು ಬೆಳೆದೋರು ಸಾಲು ಸಾಲಾಗಿ ಪ್ರಾಣ ಕಳ್ಕಂಡ್ರು, ನಮ್ಮ ತಾಲೂಕಲ್ಲೂ. ಒಬ್ಬ ಶಾಸಕ ಎಲ್ಲ ತಡೆಯಕ್ಕಾಗಲ್ಲ, ಒಪ್ತೀನಿ. ರೈತಸಂಘ ಒಡೆದು ಬಣ ಬಣ ಆಗಿದ್ದೂ ನನಗೆ ಇವತ್ತಿಗೂ ಬೇಜಾರು, ಅದರಲ್ಲಿ ಅವರ ಪಾಲೂ ಇರಬೋದು.

2018ರ ಫೆಬ್ರವರಿ 18, ಭಾನುವಾರ. ಮಂಡ್ಯ ಸ್ಟೇಡಿಯಮ್ಮಲ್ಲಿ ಕಬಡ್ಡಿ ಮ್ಯಾಚು ನೋಡ್ತಾ ಇದ್ದಾಗಲೇ ಹಾರ್ಟ್ ಅಟ್ಯಾಕ್ ಆಗಿ ಹೋಗ್ಬುಟ್ರು. ಕಬಡ್ಡಿ ಅಂದ್ರೆ ಅವರಿಗೆ ಪ್ರಾಣ. ನನಗೆ ನೈಟ್ ಶಿಫ್ಟು, ಟರ್ಮಿನಲ್ ಹೊರಗೆ ಟ್ರಾಲಿ ಸಾಲು ತಳ್ಳುತ್ತಾ ಇದ್ದೆ, ತಮ್ಮ ಫೋನ್ ಮಾಡಿ "ಅಣ್ಣಾ, ಪುಟ್ಟಣ್ಣಯ್ಯನೋರು ಇಲ್ಲ ಕಣೋ" ಅಂದ. ಟ್ರಾಲಿ ಹಿಡಿ ಹಿಡ್ಕಂಡು ಅಲ್ಲೇ ನಿಂತ್ಕಂಡೆ, ಹಿಂದಿನಿಂದ ಪ್ಯಾಸೆಂಜರ್ ಕೂಗಿದ್ದೂ ಕೇಳಿಸ್ಲಿಲ್ಲ. ಅಮೆರಿಕದಲ್ಲಿದ್ದ ಅವರ ಮಗ ದರ್ಶನ್ ಊರಿಗೆ ಬಂದು ಅದೇ ವರ್ಷ ನಿಂತು ಸೋತ್ರು, 2023ರಲ್ಲಿ ಮೇಲುಕೋಟೆಯಿಂದ ಗೆದ್ರು.

ಸಂಪಾದಕರೇ, ಈ ಸಲ ಫೆಬ್ರವರಿ 18ಕ್ಕೆ ನಿಮ್ಮ ಪತ್ರಿಕೇಲಿ ಅವರ ಬಗ್ಗೆ ಅರ್ಧ ಪುಟ ಕೊಡಿ, ರೈತಸಂಘದಲ್ಲಿ ಜೊತೆಗಿದ್ದೋರು ಇನ್ನೂ ಅವ್ರೆ, ಅವರನ್ನೇ ಕೇಳಿ ಬರೆಸಿ. ಹಾಲ್ ಸಿಗದಿದ್ರೂ ಪರವಾಗಿಲ್ಲ, ಆವತ್ತು ನಮ್ಮ ರೂಮಲ್ಲೇ ಫೋಟೋ ಇಟ್ಟು ಮಕ್ಕಳಿಗೆ ಆ ಪೇಪರ್ ಓದಿ ಹೇಳ್ತೀವಿ, ಆ ಹಿರಿಯರನ್ನೂ ಕರೀತೀನಿ.

ಇಂತಿ,
ಪಾಂಡವಪುರ ತಾಲೂಕಿನ ಒಬ್ಬ ಓದುಗ
ವಾಕೋಲಾ, ಸಾಂತಾಕ್ರೂಜ್ ಪೂರ್ವ, ಮುಂಬೈ