ವಯಸ್ಸಾದ ಮಹಿಳೆಗೆ ಯಾವ ಇಂಗ್ಲಿಷ್ ಪದ?

ಮಾನ್ಯ ಸಂಪಾದಕರೇ,

ವಯಸ್ಸಾದ ಹೆಂಗಸರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ಸಮಾನಾರ್ಥಕ ಪದಗಳ ಪಟ್ಟಿಯಿಂದ ಕಣ್ಣಿಗೆ ಬಿದ್ದದ್ದನ್ನು ಎತ್ತಿಕೊಳ್ಳಬಾರದು. ‘ಕ್ರೋನ್’, ‘ಹ್ಯಾಗ್’ ನೇರ ಬೈಗುಳ. ‘ಡೌಜರ್’ ಎಂದರೆ ಗಂಡನಿಂದ ಬಿರುದನ್ನೋ ಆಸ್ತಿಯನ್ನೋ ಪಡೆದ ವಿಧವೆ. ಎಲ್ಲ ಅಜ್ಜಿಯರಿಗೂ ಸಲ್ಲದು. ‘ಮೇಟ್ರನ್’ ಎಂದರೆ ಓದುಗರು ಹಾಸ್ಟೆಲ್ ಮೇಲ್ವಿಚಾರಕಿ ಎಂದುಕೊಂಡಾರು. ‘ಸ್ಪಿನ್‌ಸ್ಟರ್’ ವಯಸ್ಸನ್ನಲ್ಲ, ಮದುವೆಯಾಗದಿರುವುದನ್ನು ಹೇಳುತ್ತದೆ, ಅದೂ ಕೊಂಕಿನಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ನ ವಿವಾಹ ನೋಂದಣಿಯೇ 2005ರಲ್ಲಿ ಅದನ್ನು ಕೈಬಿಟ್ಟಿತು.

ವರದಿಗೆ ‘ಓಲ್ಡರ್ ವುಮನ್’ ಸಾಕು. ಬರೀ ‘ಓಲ್ಡ್’ಗಿಂತ ಅದು ಮೃದು. ‘ಎಲ್ಡರ್ಲಿ’ ಸಭ್ಯವೇ, ಆದರೆ ಅಶಕ್ತತೆಯ ಛಾಯೆ ಇದೆ. ಅರವತ್ತರ ಗಟ್ಟಿಗಿತ್ತಿಗೆ ದಯವಿಟ್ಟು ಅದನ್ನು ಅಂಟಿಸಬೇಡಿ. ಅದು ವಿಶೇಷಣ ಬೇರೆ. ‘ಆ್ಯನ್ ಎಲ್ಡರ್ಲಿ’ ಎಂದು ನಿಲ್ಲಿಸಿದರೆ ತಪ್ಪು, ಮುಂದೆ ‘ವುಮನ್’ ಬೇಕೇ ಬೇಕು. ವಯಸ್ಸು ಗೊತ್ತಿದ್ದರೆ ಅದನ್ನೇ ಬರೆಯುವುದು ಎಲ್ಲಕ್ಕಿಂತ ಮೇಲು: ‘ಎ 72-ಇಯರ್-ಓಲ್ಡ್ ವುಮನ್’. ನಾಮಪದಕ್ಕಿಂತ ಮೊದಲು ಹೀಗೆ ಬಂದಾಗ ‘ಇಯರ್ಸ್’ ಆಗದು; ನಡುವಿನ ಎರಡೂ ಅಡ್ಡಗೆರೆ ಬಿಡಬಾರದು. ಎದುರಿಗೆ ಮಾತಾಡಿಸುವಾಗ ‘ಮ್ಯಾಮ್’ ಎನ್ನಿ. ‘ಗ್ರ್ಯಾನಿ’ ಎನ್ನುವ ಸಲಿಗೆ ಮೊಮ್ಮಕ್ಕಳದ್ದು.

— ಇಂಗ್ಲಿಷ್ ಅಧ್ಯಾಪಕಿ