ಸೆಟೆತದ ಮಾತ್ರೆ ತಾಲ್ಲೂಕಿನಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ಕಾಳುಮೆಣಸಿನ ಕೊಯ್ಲು ಶುರುವಾಯಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆಯಿಂದ ‘ಏಣಿಯಿಂದ ಬಿದ್ದು ಕಾರ್ಮಿಕನಿಗೆ ಗಂಭೀರ ಗಾಯ’ ಎಂಬ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ, ಒಂಟಿ ಏಣಿ, ಬುಡದಲ್ಲಿ ಇಳಿಜಾರು. ಬೆನ್ನುಹುರಿಗೆ ಪೆಟ್ಟಾದವರು ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಏನಾದರು ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ನಮ್ಮ ಭಾವ ಹಾಗೆ ಬಿದ್ದವರು.

ನಡೆಯಲಾಗದ ಸಂಕಟಕ್ಕೆ ಅವರು ಹೇಗೋ ಒಗ್ಗಿಕೊಂಡಿದ್ದಾರೆ. ಕಾಲಿನ ಸೆಟೆತಕ್ಕೆ ಒಗ್ಗಿಕೊಳ್ಳಲು ಆಗಿಲ್ಲ. ಗಾಲಿಕುರ್ಚಿಯಲ್ಲಿ ಕೂರಿಸಿ ಪಾದ ಕೆಳಗಿಟ್ಟ ಕೂಡಲೇ ಮಂಡಿ ಗಡಗಡ ಕುಣಿಯುತ್ತದೆ, ತೊಡೆಯನ್ನು ಅದುಮಿ ಹಿಡಿಯಬೇಕು. ಕೆಲವೊಮ್ಮೆ ಎರಡೂ ಕಾಲು ಕೋಲಿನಂತೆ ನೆಟ್ಟಗಾಗಿ ಕುರ್ಚಿಯಿಂದ ಜಾರಿಬಿಡುತ್ತಾರೆ. ರಾತ್ರಿ ಕಂಬಳಿ ತಗುಲಿದರೂ ಸಾಕು, ಮತ್ತೆ ಶುರು. ಅಕ್ಕನಿಗೂ ನಿದ್ದೆಯಿಲ್ಲ. ನೋಡಲು ಬಂದ ಹಿರಿಯರು ‘ಕಾಲು ಆಡ್ತಾ ಇದೆ, ಇನ್ನೇನು ಎದ್ದು ಓಡಾಡ್ತಾನೆ, ಹೊರನಾಡಿಗೆ ಹರಕೆ ಹೊತ್ಕೊಳ್ಳಿ’ ಎಂದು ಹೇಳಿ ಹೋಗುತ್ತಾರೆ. ಹರಕೆಗೆ ನನ್ನ ತಕರಾರಿಲ್ಲ. ಆದರೆ ಕಾಲು ಆಡಿದ್ದೆಲ್ಲ ಚೇತರಿಕೆಯಲ್ಲ. ಮಿದುಳಿನ ಹಿಡಿತ ತಪ್ಪಿದ ಮೇಲೆ ಪೆಟ್ಟಿನ ಕೆಳಗಿನ ಬೆನ್ನುಹುರಿ, ಮುಟ್ಟಿದರೂ ಎಳೆದರೂ ಸ್ನಾಯುವನ್ನು ತನ್ನಷ್ಟಕ್ಕೆ ಬಿಗಿಯುತ್ತದೆ. ಅದಕ್ಕೇ ‘ವ್ಯಾಯಾಮ’ ಎಂದು ಕಾಲನ್ನು ರಭಸದಿಂದ ಎಳೆಯಬಾರದು. ನಿಧಾನವಾಗಿ ಚಾಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿರಬೇಕು. ಇದು ದಿನವೂ ಆಗದಿದ್ದರೆ ಕೀಲು ಅಲ್ಲೇ ಗಟ್ಟಿಯಾಗುತ್ತದೆ.

ಸೆಟೆತವೆಲ್ಲ ಕೆಟ್ಟದ್ದೂ ಅಲ್ಲ, ಮಂಚದಿಂದ ಕುರ್ಚಿಗೆ ದಾಟುವಾಗ ಕೆಲವರಿಗೆ ಆ ಬಿಗಿಯೇ ಆಸರೆ. ಆದರೆ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಬೇರೆ ಕಾರಣ ಹುಡುಕಬೇಕು. ಮೂತ್ರದ ಸೋಂಕು, ಮಡಚಿಕೊಂಡ ಕ್ಯಾಥೆಟರ್ (ಮೂತ್ರದ ಕೊಳವೆ), ಮಲಬದ್ಧತೆ, ಹಾಸಿಗೆ ಹುಣ್ಣು, ಮಾಂಸಕ್ಕೆ ಇಳಿದ ಕಾಲುಗುರು, ಯಾವುದೂ ಆಗಬಹುದು. ಸೊಂಟದ ಕೆಳಗೆ ನೋವೇ ಗೊತ್ತಾಗದವರು ಇನ್ನು ಹೇಗೆ ಹೇಳಿಯಾರು? ಇದನ್ನು ನಮಗೆ ತಿಳಿಸಿದ್ದು ಬೆಂಗಳೂರಿನ ಫಿಸಿಯೋಥೆರಪಿಸ್ಟ್ ಒಬ್ಬರು. ಊರಿನಲ್ಲಿ ಯಾರೂ ಹೇಳಿರಲಿಲ್ಲ. ಅಂಗವಿಕಲರ ಯುಡಿಐಡಿ ಕಾರ್ಡಿನ ತಪಾಸಣೆಯಲ್ಲಿ ಕಾಲಿನ ಶಕ್ತಿ ನೋಡಿ ಶೇಕಡಾವಾರು ಬರೆದುಕೊಂಡರು, ನಿದ್ದೆ ಬರುತ್ತದೆಯೇ ಎಂದು ಕೇಳಲಿಲ್ಲ.

ಸೆಟೆತ ತಗ್ಗಿಸಲು ಭಾವನಿಗೆ ಕೊಟ್ಟಿರುವುದು ಬ್ಯಾಕ್ಲೋಫೆನ್ ಮಾತ್ರೆ. 5 ಮಿ.ಗ್ರಾಂ.ನಿಂದ ಶುರುಮಾಡಿ ವೈದ್ಯರೇ ಮೆಲ್ಲಗೆ ಏರಿಸಿದರು. ಇದನ್ನು ಹಠಾತ್ತನೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸೆಟೆತ ಮೊದಲಿಗಿಂತ ಜೋರಾಗಿ ಮರಳುವುದಲ್ಲದೆ ಜ್ವರ, ಭ್ರಮೆ, ಫಿಟ್ಸ್ ತನಕ ಹೋಗಬಹುದು. ನಮ್ಮ ಪೇಟೆಯ ಔಷಧಿ ಅಂಗಡಿಯಲ್ಲಿ ಸಿಗುವ ಉತ್ತರ ‘ಸ್ಟಾಕ್ ಇಲ್ಲ, ಸೋಮವಾರ ಬನ್ನಿ’. ಆಷಾಢದ ಮಳೆಗೆ ಮರ ಬಿದ್ದು ರಸ್ತೆ ಬಂದ್ ಆದರೆ ಆ ಸೋಮವಾರವೂ ಇಲ್ಲ. ಮಲೆನಾಡಿನ ಆ ಥಂಡಿಯಲ್ಲೇ ಭಾವನ ಸೆಟೆತವೂ ಹೆಚ್ಚು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮೇಲೇ ಇಟ್ಟಿದೆ. ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದು, ಹೊಟ್ಟೆಯ ಚರ್ಮದಡಿ ಪಂಪ್ ಇಟ್ಟು ಬೆನ್ನುಹುರಿಗೇ ಔಷಧಿ ಹರಿಸುವ ಚಿಕಿತ್ಸೆ ಎಲ್ಲ ಇವೆ. ಅವು ದೊಡ್ಡ ಊರಿನ, ದೊಡ್ಡ ದುಡ್ಡಿನ ಮಾತು. ಹಾಸನ, ಚಿಕ್ಕಮಗಳೂರು ಜಿಲ್ಲಾಡಳಿತಗಳು ಸದ್ಯಕ್ಕೆ ಈ ಮಾತ್ರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ತಪ್ಪದೆ ಸಿಗುವಂತೆ ಮಾಡಲಿ. ಮನೆಗೇ ಬರುವ ಆಶಾ ಕಾರ್ಯಕರ್ತೆಯರಿಗೆ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಸೆಟೆತ ಹೆಚ್ಚಾದಾಗ ಮೊದಲು ಏನೇನು ನೋಡಬೇಕೆಂದು ಒಂದು ದಿನದ ತರಬೇತಿಯನ್ನಾದರೂ ಕೊಡಿಸಲಿ.

– ಓರ್ವ ಓದುಗ, ಮೂಡಿಗೆರೆ ತಾಲ್ಲೂಕು